ವಿಮಾನದ ಕಿಟಕಿಯಲ್ಲಿ ನಮ್ಮೂರನ್ನು ಗುರುತು ಹಿಡಿಯುವುದು ಹೇಗೆ

ಕಾರವಾರದಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಹೋದರೆ ಎರಡು ತಾಸು ಬೇಕೇ ಬೇಕು. ಮುಂಬಯಿಯಿಂದ ಮಂಗಳೂರಿಗೆ ಹೋಗುವ ವಿಮಾನ ಅದೇ ದೂರವನ್ನು ಸುಮಾರು ಐದು ನಿಮಿಷದಲ್ಲಿ ದಾಟಿಬಿಡುತ್ತದೆ. ಸರಿಯಾದ ಕಡೆ ಕೂತಿದ್ದರೆ, ಮೋಡ ಇಲ್ಲದಿದ್ದರೆ, ಆ ಐದು ನಿಮಿಷದಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಹೊಳೆಗಳು ಸಮುದ್ರ ಸೇರುವುದನ್ನು ಒಂದರ ಹಿಂದೆ ಒಂದು ನೋಡಬಹುದು. ಹೆಚ್ಚಿನವರು ನೋಡುವುದಿಲ್ಲ. ಮನಸ್ಸಿಲ್ಲ ಅಂತಲ್ಲ. ಯಾವ ಕಡೆ ಕೂರಬೇಕು, ಯಾವಾಗ ಕಣ್ಣು ಹಾಯಿಸಬೇಕು, ಕಂಡದ್ದು ಯಾವ ಊರು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣ ಇಲ್ಲ. ಅಂಕೋಲೆಯ ಅಲಗೇರಿಯಲ್ಲಿ ಆಗುತ್ತದೆ ಎಂಬ ಮಾತು ಎಷ್ಟೋ ವರ್ಷದಿಂದ ಇದೆ. ಸದ್ಯಕ್ಕೆ ಕಾರವಾರ, ಅಂಕೋಲೆಯವರು ಗೋವಾಕ್ಕೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಭಟ್ಕಳದವರು ಮಂಗಳೂರಿಗೆ ಹೋಗಿ ಹತ್ತುತ್ತೇವೆ. ಹಾಗಾಗಿ ನಮ್ಮೂರು ನಮಗೆ ಪಕ್ಕದಿಂದ, ದೂರದಿಂದಲೇ ಕಾಣುವುದು. ಅದು ಒಳ್ಳೆಯದೇ. ವಿಮಾನದ ಕಿಟಕಿಯಿಂದ ನೇರ ಕೆಳಗೆ ಏನೂ ಕಾಣುವುದಿಲ್ಲ. ಹತ್ತು ಹದಿನೈದು ಕಿಲೋಮೀಟರ್ ಆಚೆ ಇದ್ದ ಜಾಗವೇ ಚೆನ್ನಾಗಿ ಕಾಣುವುದು. 35,000 ಅಡಿ ಎತ್ತರದಿಂದ ಬಾನಂಚು ಸುಮಾರು 370 ಕಿಲೋಮೀಟರ್ ದೂರ ಇರುತ್ತದೆ, ಗಾಳಿ ತಿಳಿಯಾಗಿದ್ದರೆ ಅದರಲ್ಲಿ ಅರ್ಧ ದೂರದವರೆಗಾದರೂ ಗುಡ್ಡ, ಹೊಳೆ ಅಂತ ಬೇರೆ ಬೇರೆಯಾಗಿ ತಿಳಿಯುತ್ತದೆ.

ಮೊದಲನೆಯ ಕೆಲಸ, ಕಡೆ ಆರಿಸುವುದು. ಸೀಟಿನ ಅಕ್ಷರ ‘ಎ’ ಅಂದರೆ ಎಡಗಡೆ ಕಿಟಕಿ. ನಾವು ಸಾಮಾನ್ಯವಾಗಿ ಹತ್ತುವ ವಿಮಾನಗಳಲ್ಲಿ ‘ಎಫ್’ ಅಂದರೆ ಬಲಗಡೆ ಕಿಟಕಿ. ಬೆಂಗಳೂರಿನಿಂದ ಗೋವಾಕ್ಕೆ ಹೋಗುವಾಗ ಎಡಗಡೆ ಹಿಡಿಯಿರಿ. ನೇರ ಗೆರೆ ಎಳೆದರೆ ಆ ದಾರಿ ಯಲ್ಲಾಪುರದ ಹತ್ತಿರ ಹಾದು ಕಾಳಿ ಕಣಿವೆ ದಾಟುತ್ತದೆ, ಶಿರಸಿ, ಕಾರವಾರ, ಸಮುದ್ರ ಎಲ್ಲ ಎಡಕ್ಕೆ. ವಾಪಸ್ ಬರುವಾಗ ಬಲಗಡೆ. ಬಲಗಡೆಯೇ ಸೀಟು ಸಿಕ್ಕಿತು, ಗೋವಾಕ್ಕೆ ಹೋಗುತ್ತಿದ್ದೀರಿ ಅಂದರೆ ಬೇಜಾರು ಬೇಡ, ಸೂಪಾ ಹಿನ್ನೀರು ಆ ಕಡೆ ಇದೆ. ಮುಂಬಯಿ-ಮಂಗಳೂರು ದಾರಿಯಲ್ಲಿ ಮಾತ್ರ ಸ್ವಲ್ಪ ಯೋಚನೆ ಮಾಡಬೇಕು. ವಿಮಾನ ಸಮುದ್ರದ ಮೇಲೆ ಹೋದರೆ ದಕ್ಷಿಣಕ್ಕೆ ಹೋಗುವಾಗ ಕರಾವಳಿ ಎಡಕ್ಕೆ, ಘಟ್ಟದ ಮೇಲೆ ಹೋದರೆ ಬಲಕ್ಕೆ. ಇದನ್ನು ಊಹೆ ಮಾಡುತ್ತಾ ಕೂರಬೇಡಿ. ಫ್ಲೈಟ್‌ರಾಡಾರ್24 ಆ್ಯಪಿನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿದರೆ ಹಿಂದಿನ ದಿನಗಳಲ್ಲಿ ಅದು ಯಾವ ದಾರಿಯಲ್ಲಿ ಹೋಗಿದೆ ಅಂತ ಗೆರೆ ಹಾಕಿ ತೋರಿಸುತ್ತದೆ. ಮೂರ್ನಾಲ್ಕು ದಿನದ ಗೆರೆ ನೋಡಿ ಆಮೇಲೆ ಸೀಟು ಆರಿಸಿ.

ಸೂರ್ಯನನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೂರ್ಯ ಇರುವ ಕಡೆ ಕೂತರೆ ಕಣ್ಣಿಗೆ ಹೊಡೆಯುತ್ತದೆ, ಕಿಟಕಿಯ ಮೇಲಿನ ಗೀರೆಲ್ಲ ಹೊಳೆಯುತ್ತದೆ, ಫೋಟೊ ಬೆಳ್ಳಗಾಗುತ್ತದೆ. ಆದರೆ ಒಂದು ಲಾಭ ಇದೆ. ಹೊಳೆ, ಕೆರೆ, ಗದ್ದೆಯಲ್ಲಿ ನಿಂತ ನೀರು ಎಲ್ಲವೂ ಒಂದೊಂದು ಕ್ಷಣ ಕನ್ನಡಿಯಂತೆ ಮಿಂಚಿ ಹೋಗುತ್ತವೆ, ನೀರು ಎಲ್ಲೆಲ್ಲಿದೆ ಅಂತ ಅಷ್ಟು ಸ್ಪಷ್ಟವಾಗಿ ಬೇರೆ ಯಾವ ಬೆಳಕಲ್ಲೂ ತಿಳಿಯುವುದಿಲ್ಲ. ಬಣ್ಣ ಬೇಕು, ಗುರುತು ಹಿಡಿಯಬೇಕು ಅಂದರೆ ಸೂರ್ಯ ಬೆನ್ನಿಗಿರುವ ಕಡೆಯೇ ಒಳ್ಳೆಯದು. ಬೆಳಗಿನ ಬೆಂಗಳೂರು-ಗೋವಾ ವಿಮಾನದಲ್ಲಿ ಎಡಗಡೆ ಕೂತರೆ ಊರೂ ಸಿಗುತ್ತದೆ, ಬೆಳಕೂ ಸರಿಯಾಗಿರುತ್ತದೆ.

ಸಾಲಿನ ವಿಷಯ. ರೆಕ್ಕೆಯ ಮೇಲೆ ಕೂತರೆ ರೆಕ್ಕೆ ಮಾತ್ರ ಕಾಣುತ್ತದೆ. ರೆಕ್ಕೆಯ ಹಿಂದೆ ಕೂತರೆ ಎಂಜಿನ್ನಿನ ಬಿಸಿ ಗಾಳಿಯಲ್ಲಿ ನೋಟ ಕದಡಿ, ಒಲೆಯ ಮೇಲಿನ ಗಾಳಿಯ ಹಾಗೆ ಅಲುಗಾಡುತ್ತದೆ. ಮುಂದಿನ ಸಾಲುಗಳೇ ಒಳ್ಳೆಯವು. ಅದಕ್ಕೆ ಜಾಸ್ತಿ ದುಡ್ಡು ಕೇಳಿದರೆ ತೀರಾ ಕೊನೆಯ ಸಾಲುಗಳೂ ಪರವಾಗಿಲ್ಲ. ಹುಬ್ಬಳ್ಳಿಗೆ ಬರುವ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನ ಸಿಕ್ಕಿತಾ, ನಿಮ್ಮ ಅದೃಷ್ಟ. ಅದರ ರೆಕ್ಕೆ ಮೇಲ್ಗಡೆ ಇರುತ್ತದೆ, ಕಿಟಕಿಯ ಕೆಳಗೆ ಅಡ್ಡ ಏನೂ ಇಲ್ಲ. ಅದು ಜೆಟ್ಟಿಗಿಂತ ಕೆಳಗೆ, ನಿಧಾನವಾಗಿ ಹಾರುತ್ತದೆ, ಕೆಳಗಿನ ರಸ್ತೆ, ಮನೆ, ಕೆರೆ ಎಲ್ಲ ಕೈಗೆ ಸಿಗುವಷ್ಟು ಹತ್ತಿರ ಅನ್ನಿಸುತ್ತದೆ. ಪ್ರೊಪೆಲ್ಲರ್ ಪಕ್ಕದ ಸಾಲು ಬಿಟ್ಟು ಹಿಂದೆ ಕೂರಿ.

ಇನ್ನೊಂದು ಎಚ್ಚರಿಕೆ. ಕಿಟಕಿ ಸೀಟು ಅಂದರೆ ಕಿಟಕಿ ಇದ್ದೇ ಇರುತ್ತದೆ ಅಂತಲ್ಲ. ಬೋಯಿಂಗ್ 737ರಲ್ಲಿ ರೆಕ್ಕೆಗೆ ಸ್ವಲ್ಪ ಮುಂದೆ, ಎಸಿ ಗಾಳಿಯ ಕೊಳವೆ ಗೋಡೆಯೊಳಗೆ ಹೋಗುವ ಕಡೆ, ಒಂದು ಸಾಲಿಗೆ ಕಿಟಕಿಯೇ ಇಲ್ಲ. ನಾನು ಒಮ್ಮೆ ಜಾಸ್ತಿ ದುಡ್ಡು ಕೊಟ್ಟು ಅಂಥದ್ದೇ ಸೀಟು ತಗೊಂಡಿದ್ದೆ. ಬುಕ್ ಮಾಡುವಾಗ ಆ ಕಂಪನಿಯವರು ಒಂದು ಮಾತೂ ಹೇಳಿರಲಿಲ್ಲ. ಗಂಟೆಗಟ್ಟಲೆ ಬಿಳಿ ಪ್ಲಾಸ್ಟಿಕ್ ಗೋಡೆ ನೋಡುತ್ತಾ ಕೂತ ಆ ಸಿಟ್ಟು ಇನ್ನೂ ಇದೆ. ಅದಕ್ಕೇ ಹೇಳುತ್ತೇನೆ, ಸೀಟು ಕಾದಿರಿಸುವ ಮುಂಚೆ ಆ ಮಾದರಿಯ ವಿಮಾನದ ಸೀಟ್ ಮ್ಯಾಪ್ ಒಮ್ಮೆ ಹುಡುಕಿ ನೋಡಿ.

ಹೊರಡುವ ಹಿಂದಿನ ರಾತ್ರಿ ಅರ್ಧ ತಾಸು ಮ್ಯಾಪ್ ಮುಂದೆ ಕೂರಿ. ನನಗೆ ಇದು ಎಲ್ಲಕ್ಕಿಂತ ಮುಖ್ಯ. ಗೂಗಲ್ ಮ್ಯಾಪಿನಲ್ಲಿ ಗೋವಾದಿಂದ ಭಟ್ಕಳದವರೆಗಿನ ಜಾಗವನ್ನು ಆಫ್‌ಲೈನ್ ಆಗಿ ಇಳಿಸಿಕೊಳ್ಳಿ. ಫೋನು ಏರೋಪ್ಲೇನ್ ಮೋಡಿನಲ್ಲಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಕಿಟಕಿಗೆ ಹತ್ತಿರ ಹಿಡಿದು ಒಂದೆರಡು ನಿಮಿಷ ಕಾದರೆ ನೀಲಿ ಚುಕ್ಕೆ ಬರುತ್ತದೆ. ಆದರೆ ಕಣ್ಣು ಪೂರ್ತಿ ಫೋನಿನ ಮೇಲೇ ಇರಬಾರದು. ಹೊಳೆಗಳ ಕ್ರಮ, ಪ್ರತಿ ಅಳಿವೆಯ (ಹೊಳೆ ಸಮುದ್ರ ಸೇರುವ ಜಾಗದ) ಆಕಾರ, ಅದರ ಎದುರು ದ್ವೀಪ ಇದೆಯೋ ಇಲ್ಲವೋ, ಇಷ್ಟು ತಲೆಯಲ್ಲಿದ್ದರೆ ಮೇಲಿನಿಂದ ನೋಡಿದಾಗ ತಾನಾಗಿ ಗುರುತು ಸಿಗುತ್ತದೆ. ಸುಮ್ನೆ ‘ಏನೋ ಹೊಳೆ’ ಅಂತ ನೋಡುವುದಕ್ಕೂ ‘ಇದು ಅಘನಾಶಿನಿ, ಆ ದಂಡೆ ತದಡಿ’ ಅಂತ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಉತ್ತರದಿಂದ ಬರುವಾಗ ಮೊದಲು ಸಿಗುವುದು ಕಾಳಿ. ತಪ್ಪುವುದೇ ಇಲ್ಲ. ಅಗಲವಾದ ಅಳಿವೆ, ಉತ್ತರದ ದಂಡೆಯಲ್ಲಿ ಸದಾಶಿವಗಡದ ಗುಡ್ಡ, ದಕ್ಷಿಣಕ್ಕೆ ಕಾರವಾರ, ನಡುವೆ ತೆಳುವಾದ ದಾರದ ಹಾಗೆ ಹೆದ್ದಾರಿಯ ಸೇತುವೆ. 2024ರ ಆಗಸ್ಟಿನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಅಲ್ಲಿ ಉಳಿದದ್ದು ಹೊಸದು. ಸ್ವಲ್ಪ ಒಳಗೆ ಕೊಂಕಣ ರೈಲ್ವೆಯ ಸೇತುವೆ ಇದೆ. ಸಮುದ್ರದಲ್ಲಿ ಕೂರ್ಮಗಡ, ದೇವಗಡ ದ್ವೀಪಗಳು. ಕಾರವಾರದ ಕೆಳಗೆ ಗುಡ್ಡಗಳು ಸಮುದ್ರಕ್ಕೆ ಕಾಲು ಚಾಚಿದಂತೆ ಬಂದಿವೆ, ಆ ಗುಡ್ಡಗಳ ನಡುವೆ ನೌಕಾನೆಲೆಯ ತಡೆಗೋಡೆಗಳು ನೀರಿನೊಳಗೆ ಉದ್ದಕ್ಕೆ ಹೋಗಿರುವುದು ಕಾಣುತ್ತದೆ. ಅಂಜದೀವ ದ್ವೀಪ ನಮ್ಮ ದಡಕ್ಕೇ ಅಂಟಿಕೊಂಡಿದ್ದರೂ ಗೋವಾಕ್ಕೆ ಸೇರಿದ್ದು.

ಆಮೇಲೆ ಗಂಗಾವಳಿ. ಇದು ಕಾಳಿಗಿಂತ ಸಣ್ಣದು, ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಮಂಜಗುಣಿಯ ಹತ್ತಿರ ಸಮುದ್ರ ಸೇರುತ್ತದೆ. ಅಲ್ಲಿಂದ ಹೊಳೆಯ ಗುಂಟ ಸ್ವಲ್ಪ ಒಳಕ್ಕೆ ಕಣ್ಣು ಹಾಯಿಸಿದರೆ ಗುಡ್ಡಕ್ಕೂ ನೀರಿಗೂ ನಡುವೆ ಹೆದ್ದಾರಿ ಹಾದುಹೋಗುವ ಜಾಗ ಸಿಗುತ್ತದೆ. ಅದು ಶಿರೂರು. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಲ್ಲೇ. ರಸ್ತೆಯ ಮೇಲೆ ಹೋಗುವಾಗ ಪಕ್ಕದ ಗುಡ್ಡ ಒಂದೇ ಕಾಣುತ್ತದೆ. ಮೇಲಿನಿಂದ ನೋಡಿದಾಗ ಗುಡ್ಡ, ರಸ್ತೆ, ಹೊಳೆ ಮೂರೂ ಎಷ್ಟು ಇಕ್ಕಟ್ಟಿನಲ್ಲಿವೆ ಅಂತ ತಿಳಿದು ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಗಂಗಾವಳಿ ದಾಟಿದ ಕೂಡಲೇ ಗೋಕರ್ಣ. ಊರಿನ ಎದುರಿನ ಉದ್ದ ಮರಳು, ಅದರ ಕೆಳಗೆ ಕುಡ್ಲೆ, ಅದರ ಕೆಳಗೆ ಎರಡು ಅರ್ಧಚಂದ್ರ ಜೋಡಿಸಿಟ್ಟ ಹಾಗೆ ಓಂ ಬೀಚ್. ಆ ಹೆಸರು ಯಾಕೆ ಬಂತು ಅಂತ ಕೆಳಗೆ ನಿಂತವರಿಗೆ ಅಷ್ಟಾಗಿ ತಿಳಿಯುವುದಿಲ್ಲ, ಮೇಲಿನಿಂದ ನೋಡಿದವರಿಗೆ ಕೇಳಬೇಕಾಗಿಯೇ ಇಲ್ಲ.

ಇನ್ನು ಅಘನಾಶಿನಿ. ನನ್ನ ಮಟ್ಟಿಗೆ ಇಡೀ ಕರಾವಳಿಯಲ್ಲಿ ಮೇಲಿನಿಂದ ನೋಡಲು ಇದಕ್ಕಿಂತ ಚೆಂದದ್ದಿಲ್ಲ. ಕೊಡದ ಹಾಗಿದೆ ಇದು, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಎರಡು ಗುಡ್ಡಗಳ ನಡುವಿನ ಸಣ್ಣ ಸಂದಿಯಲ್ಲಿ ಸಮುದ್ರ ಸೇರುತ್ತದೆ, ಒಳಗೆ ನೋಡಿದರೆ ನೀರು ಹರಡಿಕೊಂಡು ಬಿದ್ದಿದೆ. ಆ ನೀರಿನ ಸುತ್ತ ಗಜನಿ ಗದ್ದೆಗಳ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳ, ಕಟ್ಟೆಗಳು ಚೌಕ ಚೌಕವಾಗಿ ಗೆರೆ ಹಾಕಿವೆ, ಒಂದು ಚೌಕ ಹಸಿರು, ಒಂದು ಕಂದು, ಒಂದರಲ್ಲಿ ನೀರು ನಿಂತು ಬರೀ ಆಕಾಶದ ಬಣ್ಣ. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಇಲ್ಲೇ. ಬೇಸಿಗೆಯಲ್ಲಿ ಹೋದರೆ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ಹುಡುಕಿ. ಸಣ್ಣ ಸಣ್ಣ ಬೆಳ್ಳನೆಯ ಮಡಿಗಳು, ಸೂರ್ಯ ಬಿದ್ದರೆ ಗಾಜಿನ ಚೂರು ಚೆಲ್ಲಿದಂತೆ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಕಾಡು ನೀರಿನ ಅಂಚಿಗೆ ಕಡು ಹಸಿರಾಗಿ ನಿಂತಿರುತ್ತದೆ.

ಕುಮಟಾ ದಾಟಿ ಹೊನ್ನಾವರದಲ್ಲಿ ಶರಾವತಿ. ಗುರುತು ಸುಲಭ. ಹೊಳೆಯ ಬಾಯಿಯ ಹತ್ತಿರ ತೆಂಗಿನ ತೋಟಗಳ ಹಸಿರು ಕುರುವೆ (ಹೊಳೆಯ ನಡುವಿನ ದ್ವೀಪ), ಅದು ಮಾವಿನಕುರ್ವೆ. ಹೊಳೆಗೆ ಅಡ್ಡಲಾಗಿ ಹೆದ್ದಾರಿಯದೊಂದು, ರೈಲಿನದೊಂದು ಗೆರೆ. ಎರಡು ಕಿಲೋಮೀಟರಿಗಿಂತ ಉದ್ದದ ಆ ರೈಲ್ವೆ ಸೇತುವೆ ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಮುಂದೆ ಮುರ್ಡೇಶ್ವರ. 123 ಅಡಿಯ ಶಿವ 35,000 ಅಡಿಯಿಂದ ಕಾಣಬಹುದು ಅಂತ ಹುಡುಕಬೇಡಿ, ಸಮುದ್ರಕ್ಕೆ ಚಾಚಿದ ಸಣ್ಣ ಗುಡ್ಡದ ತುದಿಯನ್ನು ಹುಡುಕಿ. ಅದರ ಎದುರು ದೂರದಲ್ಲಿ ಒಂಟಿಯಾಗಿ ನೇತ್ರಾಣಿ ದ್ವೀಪ.

ಮಳೆಗಾಲ ಮುಗಿಯುವ ಹೊತ್ತಿಗೆ ಹೋದರೆ ಇನ್ನೊಂದು ನೋಟ ಸಿಗುತ್ತದೆ. ಘಟ್ಟದ ಮಣ್ಣು ಹೊತ್ತು ತಂದ ಕೆಂಪು ನೀರು ಅಳಿವೆಯಿಂದ ಹೊರಗೆ ಹೋಗಿ ಸಮುದ್ರದಲ್ಲಿ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿರುತ್ತದೆ. ಕೆಂಪಿಗೂ ಹಸಿರಿಗೂ ನಡುವೆ ಕತ್ತರಿಸಿದಂಥ ಅಂಚು.

ಘಟ್ಟದ ಮೇಲಿನ ನೋಟ ಬೇರೆಯೇ ರೀತಿಯದು. ಬೆಂಗಳೂರಿನಿಂದ ಬರುವಾಗ ಹಾವೇರಿ ಕಡೆ ಬಯಲು ಹೊಲಗಳ ತೇಪೆ, ಸ್ವಲ್ಪ ಹೊತ್ತಿಗೆ ಕೆರೆಗಳು ಜಾಸ್ತಿ, ಆಮೇಲೆ ಕಾಡು ಶುರು. ಆ ಬದಲಾವಣೆಯನ್ನು ಗಮನಿಸಿ. ಶಿರಸಿ, ಯಲ್ಲಾಪುರ ಕಡೆ ಅಡಿಕೆ ತೋಟ ಕಣಿವೆಯ ತಳದಲ್ಲೇ ಇರುವುದರಿಂದ ಮೇಲಿನಿಂದ ಅದು ಕಾಡಿನ ನಡುವೆ ಹಾಸಿದ ರಿಬ್ಬನ್ನಿನಂತೆ ಕಾಣುತ್ತದೆ, ಬಣ್ಣ ಬೇರೆ, ನುಣುಪೂ ಬೇರೆ. ಸುತ್ತ, ತೋಟಕ್ಕೆ ಸೊಪ್ಪು ಕಡಿಯುವ ಸೊಪ್ಪಿನ ಬೆಟ್ಟ ಸ್ವಲ್ಪ ತೆಳು. ನವೆಂಬರ್‌ನಿಂದ ಜನವರಿವರೆಗೆ ಬೆಳಗಿನ ವಿಮಾನ ಸಿಕ್ಕರೆ ಬಿಡಬೇಡಿ. ಕಣಿವೆಗಳಲ್ಲಿ ಮಂಜು ತುಂಬಿ ಗುಡ್ಡಗಳ ತಲೆ ಮಾತ್ರ ಮೇಲೆ ಇರುತ್ತದೆ. ತೋಟ ಕಾಣುವುದಿಲ್ಲ ನಿಜ, ಆದರೆ ಯಾವ ಕಣಿವೆ ಎಲ್ಲಿ ತಿರುಗಿ ಎಲ್ಲಿ ಇನ್ನೊಂದಕ್ಕೆ ಸೇರುತ್ತದೆ ಅಂತ ಮಂಜೇ ಬರೆದು ತೋರಿಸುತ್ತದೆ. ಗೋವಾ ಹತ್ತಿರ ಬಂದು ವಿಮಾನ ಇಳಿಯಲು ಶುರು ಮಾಡಿದಾಗ ಕಾಳಿಯ ಕೊಡಸಳ್ಳಿ, ಕದ್ರಾ ಹಿನ್ನೀರು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ, ಕದ್ರಾ ನೀರಿನ ದಂಡೆಯಲ್ಲಿ ಕೈಗಾ ಅಣುಸ್ಥಾವರದ ಗುಮ್ಮಟಗಳು.

ತಿಂಗಳುಗಳ ಲೆಕ್ಕ ಹೇಳುವುದಾದರೆ, ಅಕ್ಟೋಬರ್ ನವೆಂಬರ್ ಎಲ್ಲಕ್ಕಿಂತ ಒಳ್ಳೆಯದು. ಮಳೆ ಗಾಳಿಯನ್ನು ತೊಳೆದಿಟ್ಟಿರುತ್ತದೆ, ಹಸಿರು ಇನ್ನೂ ಇರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ದೂಳು, ಹೊಗೆ, ಮಬ್ಬು. ಜೂನ್‌ನಿಂದ ಆಗಸ್ಟ್‌ವರೆಗೆ ನೆಲ ಕಾಣುವ ಆಸೆ ಬಿಡಿ.

ಹಾಗಂತ ಮಳೆಗಾಲದಲ್ಲಿ ಶೇಡ್ ಎಳೆಯಬೇಡಿ. ಮೋಡದ ಮೇಲೆ ಹೋಗುವಾಗ ಸೂರ್ಯ ಇಲ್ಲದ ಕಡೆಯ ಕಿಟಕಿಯಿಂದ ವಿಮಾನದ ನೆರಳನ್ನು ಹುಡುಕಿ. ಮೋಡ ಹತ್ತಿರ ಇದ್ದರೆ ನೆರಳಿನ ಸುತ್ತ ಬಣ್ಣದ ಬಳೆ ಕಾಣುತ್ತದೆ, ಒಳಗೆ ನೀಲಿ, ಹೊರ ಅಂಚು ಕೆಂಪು, ಒಮ್ಮೊಮ್ಮೆ ಒಂದರ ಹೊರಗೆ ಇನ್ನೊಂದು. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಗೇ ತಿರುಗಿಸಿ ಕಳಿಸುವುದರಿಂದ ಹೀಗೆ ಆಗುತ್ತದೆ. ನೆರಳು ದೊಡ್ಡದಾಗಿ ಬಿದ್ದಾಗ ಬಳೆಯ ನಡುವನ್ನು ಸರಿಯಾಗಿ ನೋಡಿ. ಅದು ವಿಮಾನದ ಮಧ್ಯಕ್ಕೆ ಇರುವುದಿಲ್ಲ, ನೀವು ಕೂತ ಜಾಗಕ್ಕೆ ಇರುತ್ತದೆ. ಮುಂದಿನ ಸಾಲಿನವರಿಗೆ ಅವರ ಜಾಗದಲ್ಲಿ, ಹಿಂದಿನವರಿಗೆ ಅವರ ಜಾಗದಲ್ಲಿ. ಇದು ತಿಳಿದ ಮೇಲೆ ನಾನು ಪ್ರತಿ ಸಲ ಆ ಬಳೆಯೊಳಗೆ ನನ್ನ ಕಿಟಕಿ ಯಾವುದು ಅಂತ ಹುಡುಕುತ್ತೇನೆ.

ಸಂಜೆಯ ವಿಮಾನವಾದರೆ ಸಮುದ್ರದ ಕಡೆ ಎಲ್ಲರೂ ನೋಡುತ್ತಾರೆ. ಕೆಳಗೆ ಕಾರವಾರದ ಬೀಚಿನಲ್ಲಿ ಸೂರ್ಯ ಮುಳುಗಿದ ಮೇಲೂ ಹತ್ತು ನಿಮಿಷಕ್ಕಿಂತ ಜಾಸ್ತಿ ಹೊತ್ತು ನಿಮಗೆ ಕಾಣುತ್ತಿರುತ್ತಾನೆ, ಅಷ್ಟು ಎತ್ತರದಲ್ಲಿರುತ್ತೀರಿ. ಆದರೆ ಪೂರ್ವದ ಕಿಟಕಿ ಸಿಕ್ಕವರಿಗೂ ಒಂದು ಇದೆ. ಸೂರ್ಯ ಮುಳುಗುತ್ತಿದ್ದ ಹಾಗೆ ಘಟ್ಟದ ಆಚೆ ಬಾನಂಚಿನಲ್ಲಿ ಬೂದು ನೀಲಿಯ ಪಟ್ಟಿಯೊಂದು ಏಳುತ್ತದೆ, ಅದರ ಮೇಲೆ ತೆಳು ಗುಲಾಬಿ. ಆ ನೀಲಿ ಪಟ್ಟಿ ಭೂಮಿಯದೇ ನೆರಳು. ರಾತ್ರಿಯಾದರೆ ಸಮುದ್ರದ ಮೇಲೆ ಮೀನು ಬೋಟುಗಳ ದೀಪ, ಊರೇ ನೀರಿಗಿಳಿದ ಹಾಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಮಾತ್ರ ಕತ್ತಲೆ.

ಕಿಟಕಿಯ ಬಗ್ಗೆ ಒಂದೆರಡು ಮಾತು. ಅದು ಮೂರು ಪದರದ್ದು. ಕೆಳಗಡೆ ಒಂದು ಸಣ್ಣ ತೂತು ಕಾಣುತ್ತದಲ್ಲ, ಗಾಳಿಯ ಒತ್ತಡ ಸರಿದೂಗಿಸಲು, ಕಿಟಕಿ ಮಂಜಾಗದಂತೆ ತಡೆಯಲು ಅದನ್ನು ಬೇಕಂತಲೇ ಇಟ್ಟಿರುತ್ತಾರೆ, ಹೆದರಬೇಡಿ. ಹೊರಗೆ ವಿಪರೀತ ಚಳಿ ಇರುವುದರಿಂದ ಒಮ್ಮೊಮ್ಮೆ ತೂತಿನ ಸುತ್ತ ಹಿಮದ ಹರಳು ಕಟ್ಟುತ್ತದೆ, ಹತ್ತಿರದಿಂದ ನೋಡಿದರೆ ಜರಿಗಿಡದ ಎಲೆಯಂತೆ. ಕೂತ ಕೂಡಲೇ ಮೆತ್ತನೆಯ ಬಟ್ಟೆಯಿಂದ ಒಳಗಿನ ಪದರ ಒರೆಸಿ, ಹಿಂದಿನವರ ಹಣೆಯ ಎಣ್ಣೆ ಇದ್ದೇ ಇರುತ್ತದೆ. ಫೋಟೊ ತೆಗೆಯುವಾಗ ಫೋನನ್ನು ಕಿಟಕಿಗೆ ತೀರಾ ಹತ್ತಿರ ತನ್ನಿ, ತಾಗಿಸಬೇಡಿ, ನಡುಕ ಬರುತ್ತದೆ. ಫ್ಲ್ಯಾಷ್ ಬೇಡವೇ ಬೇಡ. ಕಪ್ಪು ಬಟ್ಟೆಯನ್ನು ಫೋನಿನ ಸುತ್ತ ಹಿಡಿದರೆ ಒಳಗಿನ ದೀಪದ ಪ್ರತಿಬಿಂಬ ಹೋಗುತ್ತದೆ. ಪೋಲರಾಯ್ಡ್ ಕನ್ನಡಕ ತೆಗೆದಿಡಿ, ಪ್ಲಾಸ್ಟಿಕ್ ಕಿಟಕಿಯಲ್ಲಿ ಇಲ್ಲದ ಬಣ್ಣದ ಪಟ್ಟಿಗಳು ಕಾಣುತ್ತವೆ. ಗೋವಾದ ದಾಬೋಲಿಂ ನೌಕಾಪಡೆಯ ನಿಲ್ದಾಣ. ಅಲ್ಲಿ ಏರುವಾಗ, ಇಳಿಯುವಾಗ ಫೋಟೊ ತೆಗೆಯಬಾರದು. ಶೇಡ್ ಮುಚ್ಚಿ ಅಂದರೆ ಮುಚ್ಚಿಬಿಡಿ.

ಇನ್ನು ನಿಮ್ಮ ಜೊತೆ ಮೊದಲ ಸಲ ಹತ್ತುವವರಿದ್ದರೆ ಕಿಟಕಿ ಅವರಿಗೇ ಬಿಡಿ. ಪಕ್ಕದಲ್ಲಿ ಕೂತು ಬರುವ ಹೊಳೆಯ ಹೆಸರನ್ನು ಒಂದು ನಿಮಿಷ ಮುಂಚೆ ಹೇಳುತ್ತಾ ಹೋಗಿ. ಹಿಂದಿನ ನವೆಂಬರಿನಲ್ಲಿ ಆಯಿಯನ್ನು, ಅಂದರೆ ಅಮ್ಮನನ್ನು, ಮುಂಬಯಿಯ ಅಕ್ಕನ ಮನೆಯಿಂದ ಕರೆದುಕೊಂಡು ಬರುವಾಗ ಹಾಗೇ ಮಾಡಿದೆ. ಮದುವೆಗೆ ಮುಂಚೆ ಅವಳು ಇದ್ದದ್ದು ಗಜನಿ ಗದ್ದೆಯ ಮಗ್ಗುಲಿನ ಮನೆಯಲ್ಲಿ. ಕಾಳಿ ಹೇಳಿದೆ, ಹೂಂ ಅಂದಳು. ಗಂಗಾವಳಿ ಹೇಳಿದೆ, ಅದಕ್ಕೂ ಹೂಂ. ಮುಂದಿನದ್ದರ ಹೆಸರು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಬೆರಳು ಗಾಜಿನ ಮೇಲಿತ್ತು. “ತಮಾ, ಇದು ನಮ್ಮ ಹೊಳೆ ಅಲ್ದಾ? ಅದೇ ನೋಡು ಕಟ್ಟೆ.” ಹೊನ್ನಾವರ ದಾಟಿದ ಮೇಲೂ ಆ ಬೆರಳು ಅಲ್ಲೇ ಇತ್ತು.